ರೇಣುಕಾಳ ಹೆಸರಿನಲ್ಲಿ ನಾನು ಹಾಕಿದ ಗುರುತು

ರೇಣುಕಾ, ಆ ತಪ್ಪು ನಿನ್ನದಲ್ಲ, ನನ್ನದು. ಮೂರು ವರ್ಷದ ಹಿಂದೆ ನಿನ್ನ ಕೆಲಸ ಹೋದದ್ದು ನನ್ನಿಂದ. ನಿನಗಿದು ಅಂದೇ ಗೊತ್ತಿತ್ತು. ಬಾಯಿಬಿಟ್ಟು ಹೇಳಬೇಕಾಗಿದ್ದವಳು ನಾನು — ಹೇಳಲಿಲ್ಲ.

ಶಿಗ್ಗಾವಿಯ ಆ ಮಹಡಿಯ ಕೋಣೆಯಲ್ಲಿ ನಾವು ಹತ್ತು ಹೆಣ್ಣುಮಕ್ಕಳು ಕಂಪ್ಯೂಟರ್ ಮುಂದೆ ಕೂತು, ಯಾವುದೋ ಚಳಿದೇಶದ ಕಡಲತೀರದ ಫೋಟೊಗಳನ್ನು ನೋಡುತ್ತಿದ್ದೆವು. ಬಂಡೆಗಳ ಮೇಲೆ ಮಲಗಿದ ಸೀಲ್ ಎಂಬ ಕಡಲಪ್ರಾಣಿಗಳನ್ನು ಎಣಿಸಬೇಕು. ಮರಿ ಹಾಕುವ ಕಾಲಕ್ಕೆ ಎಷ್ಟು, ಕೂದಲು ಉದುರಿಸುವ ಕಾಲಕ್ಕೆ ಎಷ್ಟು ಎಂದು ತಿಂಗಳು ತಿಂಗಳೂ ಬರೆಯಬೇಕು. ಕುತ್ತಿಗೆಯ ಮಚ್ಚೆ ಹೋಲಿಸಿ, ಹೋದ ವರ್ಷ ಬಂದದ್ದೇ ಈ ವರ್ಷವೂ ಅದೇ ಬಂಡೆಗೆ ಬಂದಿದೆಯೇ ಎಂದು ಗುರುತು ಹಾಕಬೇಕು. ನಮ್ಮಲ್ಲಿ ಸಮುದ್ರ ಕಂಡವರು ಯಾರೂ ಇರಲಿಲ್ಲ. ಆದರೆ ನಿನಗೆ ಆ ಕಣ್ಣಿತ್ತು.

"ಅಕ್ಕಾರ, ನಮ್ಮ ಮನ್ಯಾಗ ಆಡು ಗುರ್ತ ಹಿಡಿಯಾಕಿ ನಾನ. ಮಾರಿ ನೋಡಬ್ಯಾಡ್ರಿ, ಮಾರಿ ಎಲ್ಲಾವೂ ಒಂದ ಥರ. ಕುತ್ತಿಗಿ ನೋಡ್ರಿ," ಎಂದು ಸವಣೂರಿನಿಂದ ಬಂದ ಮೊದಲ ವಾರದಲ್ಲೇ ನನಗೆ ಕಲಿಸಿದವಳು ನೀನು.

ನಿನ್ನ ಅವ್ವ ಆಸ್ಪತ್ರೆ ಸೇರಿದಾಗ ನಾನೇ ಮುಂದಾಗಿ ಹೇಳಿದೆ — "ನಾಕ್ ದಿನ ನಿನ್ನ ಪಾಲೂ ನಾ ಮಾಡ್ತೇನಿ, ಪಾಸ್‌ವರ್ಡ್ ಕೊಟ್ಟು ಹೋಗು." ವಾರಕ್ಕೊಮ್ಮೆ ಬರುವ ಮೇಲ್ವಿಚಾರಕರಿಗೆ ನೀನಿಲ್ಲದ್ದು ತಿಳಿಯುವಂತಿರಲಿಲ್ಲ. ಆಗ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ಎರಡನೆಯ ದಿನಕ್ಕೇ ಸಾಕೆನಿಸಿತು. ಸಂಜೆ ನಮ್ಮೂರು ಹಿರೇಬೆಂಡಿಗೇರಿಯ ಬಸ್ಸು ತಪ್ಪೀತೆಂಬ ಆತುರ ಬೇರೆ. ನನ್ನ ಹೆಸರಿನ ಫೋಟೊಗಳನ್ನು ಜೋಪಾನವಾಗಿ ನೋಡಿದೆ. ನಿನ್ನವನ್ನು — ನೋಡಲೇ ಇಲ್ಲ. 'ಅದೇ ಪ್ರಾಣಿ, ಅದೇ ಬಂಡೆ' ಎಂದು ಸಾಲಾಗಿ ಒತ್ತುತ್ತ ಹೋದೆ. ಹೆಚ್ಚಿನವು ಹೇಗೂ ತಿರುಗಿ ಬರುತ್ತವಲ್ಲ ಎಂದುಕೊಂಡೆ.

ಆ ವರ್ಷ ಅವು ಬಂದಿರಲಿಲ್ಲ. ಎಷ್ಟೋ ಹಳೆಯ ಪ್ರಾಣಿಗಳು ಆ ಬಂಡೆಗಳನ್ನು ಬಿಟ್ಟಿದ್ದವು, ಅಲ್ಲಿ ಮಲಗಿದ್ದವು ಬೇರೆಯವು. ಫೋಟೊ ಕಳಿಸಿದವರಿಗೆ ತಿಳಿಯಬೇಕಾಗಿದ್ದದ್ದೇ ಅದು. ನಾನು ಇಲ್ಲದವನ್ನೆಲ್ಲ ಇವೆ ಎಂದು ಬರೆದಿದ್ದೆ, ನಿನ್ನ ಹೆಸರಿನಲ್ಲಿ.

ಫೋಟೊ ಕಳಿಸಿದವರು ತಪ್ಪು ಹಿಡಿದು ಬರೆದಾಗ, ಮೇಲ್ವಿಚಾರಕರು ಎಲ್ಲರ ಎದುರು ನಿನ್ನನ್ನು ನಿಲ್ಲಿಸಿದರು. "ಇದನ್ನ ನೀನ ಮಾಡೀ ಏನು?" ನೀನು ನನ್ನ ಕಡೆ ನೋಡಿದೆ. ಅವರೂ ತಿರುಗಿದರು. "ಶೈಲಾ ಅವ್ರ, ನೀವು ಬಾಜೂಕ ಕುಂದರ್ತೀರಿ. ನಿಮಗೇನರ ಗೊತ್ತೈತೇನ್ರಿ?"

ನಿನಗೆ 'ನೀನು', ನನಗೆ 'ನೀವು'. ನಾನು ಹೊಲಮನೆಯುಳ್ಳವರ ಮಗಳು, ನೀನು ಕೂಲಿಯವರ ಮಗಳು. ನಾನು ಏನು ಹೇಳಿದರೂ ನಂಬುತ್ತಾರೆಂದು ಆ ಗಳಿಗೆಯಲ್ಲಿ ನನಗೆ ಚೆನ್ನಾಗಿ ತಿಳಿದಿತ್ತು, ರೇಣುಕಾ. ತಿಳಿದೇ ಹೇಳಿದೆ —

"ಆಕಿ ಕೆಲಸ ನನಗೇನ್ ಗೊತ್ತ್ರಿ ಸರ್?"

ನೀನು ಚೀಲ ತೆಗೆದುಕೊಂಡು ಇಳಿದು ಹೋಗುವಾಗ ನಾನು ಮೆಟ್ಟಿಲ ತನಕ ಬಂದೆ. ಯಾಕೆ ಬಂದೆನೋ. ನೀನು ಸಿಟ್ಟಾಗಲಿಲ್ಲ. "ನೀವ ಹೇಳ್ತೀರಂತ ನಾ ಸುಮ್ಕಿದ್ದೆ, ಅಕ್ಕಾರ," ಎಂದೆ ಅಷ್ಟೆ.

ಆಮೇಲೆ ಬೇರೆಯವರ ಕೆಲಸ ತಪಾಸಣೆ ಮಾಡುವ ಜಾಗ ನನಗೆ ಸಿಕ್ಕಿತು. ಕೂತಲ್ಲಿ ಕೂರಲಾಗುವುದಿಲ್ಲ. ಯಾರದಾದರೂ ತಪ್ಪು ಹಿಡಿದಾಗ ಎದ್ದು ಹೋಗಿ ನೀರು ಕುಡಿದು ಬರುತ್ತೇನೆ, ಮತ್ತೆ ಏಳುತ್ತೇನೆ... ಹೋದ ತಿಂಗಳು ಅಕ್ಕಿಆಲೂರಿನ ಸಂತೆಯಲ್ಲಿ ನಿನ್ನನ್ನು ಕಂಡೆ. ನೀನು ಅಕ್ಕಿ ಗಿರಣಿಯಿಂದ ಹೊರಗೆ ಬರುತ್ತಿದ್ದೆ, ತಲೆಯ ಮೇಲೆಲ್ಲ ತೌಡಿನ ಧೂಳು. ನೀನು ದಾಟಿ ಹೋಗುವ ತನಕ ನಾನು ಬಾಳೆಹಣ್ಣಿನ ಗಾಡಿಯ ಹಿಂದೆ ಅಡಗಿ ನಿಂತೆ. ಮೂರು ವರ್ಷದ ಮೇಲೆ ಮತ್ತೊಮ್ಮೆ ಅದನ್ನೇ ಮಾಡಿದೆ.

ಮೊನ್ನೆ ಸೋಮವಾರ ಅದೇ ಕೋಣೆಯಲ್ಲಿ ಎದ್ದುನಿಂತು, ಎಲ್ಲರೂ ಕೇಳುವಂತೆ ಹೇಳಿದೆ. "ಹಳೇದನ್ನ ಈಗ್ಯಾಕ ಕೆದರತೀರಿ, ಕುಂದರ್ರಿ," ಎಂದರು ಮೇಲ್ವಿಚಾರಕರು. ಕೂರಲಿಲ್ಲ. ಬರೆದು ಸಹಿ ಮಾಡಿ ಕೊಟ್ಟೆ. ಆ ನಾಲ್ಕು ದಿನದ ಗುರುತುಗಳೆಲ್ಲ ನನ್ನವೆಂದು ಫೋಟೊ ಕಳಿಸಿದವರಿಗೂ ತಿಳಿಸಿದ್ದೇನೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ — ಅದನ್ನು ನಿನ್ನ ಮುಂದೆ ಹೇಳಿಕೊಳ್ಳುವ ಯೋಗ್ಯತೆ ನನಗಿಲ್ಲ.

ಬರುವ ವಾರ ಅಕ್ಕಿಆಲೂರಿಗೆ ಬರುತ್ತೇನೆ. ಗಿರಣಿ ಬಿಡುವ ಹೊತ್ತಿಗೆ ಹೊರಗೆ ನಿಂತಿರುತ್ತೇನೆ. ಬೈದರೆ ಕೇಳುತ್ತೇನೆ. ಮಾತಾಡದೆ ಹೋದರೆ ಅದೂ ಸರಿ. ಕ್ಷಮಿಸು ಎಂಬ ಮಾತನ್ನು ಇಲ್ಲಿ ಬರೆದಿಲ್ಲ. ಅದನ್ನು ನಿನ್ನ ಎದುರು ನಿಂತೇ ಕೇಳಬೇಕು.