ಗಾಡಿ ವಾಪಸ್ ಕಳಿಸುತ್ತಿದ್ದ ಅಜ್ಜಿ

ಅಜ್ಜಿಯ ಎರಡು ಹೆಬ್ಬೆರಳುಗಳೂ ತುದಿಯಲ್ಲಿ ಅಗಲವಾಗಿ ಹಿಂದಕ್ಕೆ ಬಾಗಿದ್ದವು. ಉಗುರುಗಳು ಹರಳೆಣ್ಣೆಯಲ್ಲಿ ಮಿಂಚುತ್ತಿದ್ದವು. ತಾಯಲೂರಿನ ಸುತ್ತಮುತ್ತ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ಉಳುಕು ತೆಗೆಯೋ ಅಜ್ಜಿ.

ಎಪ್ಪತ್ತರ ದಶಕದ ಕೊನೆ. ನನಗೆ ಚೊಚ್ಚಲ ಹೆರಿಗೆಯಾಗಿ ಮೂರು ತಿಂಗಳು. ಬಲಗಾಲು ಊರಿದರೆ ಸೊಂಟದ ಹಿಂದಿನ ಕೀಲಿನಲ್ಲಿ ಜೀವ ಹೋಗುವಂಥ ನೋವು. ಮೂಳೆ ಮುರಿದಿಲ್ಲವೆಂದು ಡಾಕ್ಟರು ಮಾತ್ರೆ ಕೊಟ್ಟಿದ್ದರು. ಮಗಳನ್ನು ಎತ್ತಿಕೊಂಡು ನಾನು ಒಂದು ಹೆಜ್ಜೆಯೂ ಇಟ್ಟವಳಲ್ಲ. ಅವಳು ಅತ್ತಾಗ ಅತ್ತೆ ಎತ್ತಿಕೊಂಡು ಅಂಗಳ ಸುತ್ತುತ್ತಿದ್ದರೆ, ಸುಳ್ಳೇಕೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಒಂದು ಬೆಳಿಗ್ಗೆ ನಮ್ಮ ಯಜಮಾನರು ಎತ್ತಿನ ಗಾಡಿಗೆ ಹುಲ್ಲು ಹಾಸಿ ನನ್ನನ್ನು ಕರೆದೊಯ್ದರು. ಮಗುವಿನ ಜೊತೆ ಅತ್ತೆಯೂ ಬಂದರು. ಅಜ್ಜಿ ನನ್ನನ್ನು ಮುಟ್ಟುವ ಮೊದಲೇ ಯಜಮಾನರಿಗೆ ಹೇಳಿದರು:

"ಗಾಡಿ ವಾಪಸ್ ಕಳಿಸ್ಬಿಡಪ್ಪಾ. ನಡ್ಕೊಂಡು ಹೋಗ್ತಾಳೆ."

ಯಾರೇ ಬಂದರೂ ಅವರ ಪದ್ಧತಿ ಅದೇ. "ಗಾಡಿ ಕಾಯ್ತಾ ನಿಂತಿದ್ರೆ ಮನಸ್ಸು ಅದರಲ್ಲೇ ಮಲಗಿರುತ್ತೆ," ಎನ್ನುತ್ತಿದ್ದರು. ಯಜಮಾನರ ಮುಖ ಸಪ್ಪಗಾಯಿತು, ಆದರೂ ಗಾಡಿ ಹೊಡೆಯುವ ಆಳಿನ ಜೊತೆ ಗಾಡಿ ಹೋಯಿತು.

ಚಾಪೆಯ ಮೇಲೆ ಮಲಗಿಸಿ, ಎರಡೂ ಕಾಲಿನ ಗಿಣ್ಣುಗಳನ್ನು ಜೋಡಿಸಿ ಹೆಬ್ಬೆರಳಿಟ್ಟು ನೋಡಿದರು. ಒಂದು ಕಾಲು ಗಿಡ್ಡ.

"ಯಾವ ಕಡೆ ಎಣ್ಣೆ ತಿಕ್ಕಿದ್ರಿ?"

"ಬಲಗಡೆ. ದಿನಾ ಎರಡು ಹೊತ್ತು, ನಾನೇ," ಎಂದರು ಅತ್ತೆ ಹೆಮ್ಮೆಯಿಂದ.

"ಅಯ್ಯೋ ನಮ್ಮವ್ವ! ಅಳ್ತಿರೋದು ಬಲಗಡೆ, ಹಠ ಹಿಡಿದು ಕೂತಿರೋದು ಎಡಗಡೆ ಕಣೇ. ಅಳೋದನ್ನೇ ಬಡಿದ್ಯಾ?"

ಅತ್ತೆಗೇ ಮೊದಲು ನಗು ಬಂತು. ನಾನೂ ನಕ್ಕೆ. ಮೈ ಸಡಿಲವಾದ ಆ ಗಳಿಗೆಯಲ್ಲೇ ಅಜ್ಜಿ ನನ್ನ ಎಡಮಂಡಿಯನ್ನು ಹೊಟ್ಟೆಯತ್ತ ಮಡಚಿ, ಅದನ್ನು ತಮ್ಮ ಅಂಗೈಗೆ ಎದುರಾಗಿ ನನ್ನಿಂದ ತಳ್ಳಿಸಿದರು. ಹೀಗೆ ನಾಲ್ಕೈದು ಸಲ. ಆಮೇಲೆ, "ಊಪಿರಿ ವದುಲು!" ಎಂದು ತೆಲುಗಿನಲ್ಲಿ ಗದರಿದರು. ಉಸಿರು ಬಿಟ್ಟೆ. ಒಳಗೆಲ್ಲೋ ಟಕ್ ಎಂದಿತು.

ಎದ್ದು ನಿಂತೆ. ಕಾಲೂರಿದೆ. ಅಜ್ಜಿ ಮಗುವನ್ನು ನನ್ನ ಸೊಂಟಕ್ಕೇರಿಸಿ, "ಹೂಂ, ಹೋಗು," ಎಂದರು, ಅಷ್ಟೇ.

ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಅವರನ್ನು ನೆನೆದಾಗ ನನಗೆ ಅಳು ಬರುವುದಿಲ್ಲ, ಬಸ್‌ಸ್ಟಾಪಿನವರೆಗಿನ ಆ ದಾರಿ ಕಣ್ಣಿಗೆ ಕಟ್ಟುತ್ತದೆ. ಬಿದ್ದರೆ ಹಿಡಿಯಲೆಂದು ಯಜಮಾನರು ಕೈ ಚಾಚಿಕೊಂಡೇ ಹಿಂದೆ ಬರುತ್ತಿದ್ದರು. ಮಗು ಕೊಡೆಂದು ಅತ್ತೆ ಮೂರು ಸಲ ಕೇಳಿದರು, ಕೊಡಲಿಲ್ಲ. ಬಸ್ಸು ಬಂದು ನಿಂತಿತು, ಕಂಡಕ್ಟರು ಕರೆದ.

"ಅದು ಹೋಗ್ಲಿ ಬಿಡಿ," ಎಂದೆ. "ಇವಳನ್ನ ಎತ್ಕೊಂಡು ಮುಂದಿನ ಸ್ಟಾಪ್‌ವರೆಗೂ ನಡೀತೀನಿ."