ಪಟ್ಟಿಯಲ್ಲಿಲ್ಲದವರಿಗೊಂದು ಹಾಸಿಗೆ

ಆಂಟಿಯ ಬಲಗೈಯ ಅಂಚು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಯಾವಾಗಲೂ ಬೂದುಬಣ್ಣಕ್ಕೆ ಹೊಳೆಯುತ್ತಿತ್ತು. ಪೆನ್ಸಿಲ್ಲಿನ ಪುಡಿ. ದಿನವಿಡೀ ಕಾಗದದ ಮೇಲೆ ಕೈಯೂರಿ ಗೆರೆ ಎಳೆಯುವವರಿಗೆ ಹತ್ತುವ ಬಣ್ಣ ಅದು. ಸೋಪಿಗೂ ಜಗ್ಗುತ್ತಿರಲಿಲ್ಲ, ಕಡಲೆಹಿಟ್ಟಿಗೂ ಜಗ್ಗುತ್ತಿರಲಿಲ್ಲ. ಅವರು ಲಟ್ಟಿಸಿದ ಚಪಾತಿಗಳಲ್ಲಿ ಒಂದೊಂದಕ್ಕೆ ಆ ಬಣ್ಣ ಸ್ವಲ್ಪ ಮೆತ್ತಿರುತ್ತಿತ್ತು. ಅಂಥ ಚಪಾತಿ ಯಾರ ತಟ್ಟೆಗೆ ಬಂತೋ ಅವರಿಗೆ ಆ ವಾರ ಆಂಟಿಯ ಕಾಗದದ ನೌಕಾಪಡೆಯಲ್ಲಿ ಬಡ್ತಿ ಎಂದು ನಾವು ತಮಾಷೆ ಮಾಡಿಕೊಂಡು ತಿನ್ನುತ್ತಿದ್ದೆವು.

ನಾವು ಎಂದರೆ ನಾನು ಮತ್ತು ನರ್ಸಿಂಗ್ ಓದುತ್ತಿದ್ದ ಕಲಬುರಗಿಯ ಹುಡುಗಿ. ಆಸ್ಟ್ರೇಲಿಯಾದ ಪರ್ತ್‌ನ ಥಾರ್ನ್ಲಿಯಲ್ಲಿ ಆಂಟಿಯ ಮನೆಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದವರು. ಆಂಟಿ ನಮಗೆ ನೆಂಟರಲ್ಲ. ಆ ಊರಿನಲ್ಲಿ ಕನ್ನಡದ ಹಿರಿಯ ಹೆಂಗಸರೆಲ್ಲ ಆಂಟಿಯರೇ. ಮೈಸೂರಿನವರು, ಗಂಡನ ಜೊತೆ ಬಂದವರು, ದೋಣಿ ಕಟ್ಟುವ ಒಂದು ಕಾರ್ಖಾನೆಯಲ್ಲಿ ಕೈಯಲ್ಲೇ ನಕ್ಷೆ ಬರೆಯುವ ಕೆಲಸ ಮಾಡಿದವರು. ಗಂಡ ತೀರಿಕೊಂಡರು. ಕಂಪ್ಯೂಟರು ಬಂತು. ನಕ್ಷೆಯ ಮೇಜು ಕಾರ್ಖಾನೆಯಿಂದ ಆಂಟಿಯ ಊಟದ ಮನೆಗೆ ಬಂತು.

ನಾವು ಬರುವ ಮೊದಲು ಅಲ್ಲಿದ್ದ ಒಬ್ಬ ಬಾಡಿಗೆಯವನಿಗೆ ದಾಳ ಉರುಳಿಸಿ ಕತೆ ಕಟ್ಟುವ ಆಟದ ಹುಚ್ಚಿತ್ತಂತೆ. ತನ್ನ ಕಾಲ್ಪನಿಕ ರಾಜ್ಯಕ್ಕೆ ಒಂದು ಹಡಗು ಬರೆದುಕೊಡಿ ಎಂದು ಆಂಟಿಯನ್ನು ಕೇಳಿದ. ಓದು ಮುಗಿಸಿ ಅವನು ಸಿಡ್ನಿಗೆ ಹೋದ, ಆಂಟಿ ನಿಲ್ಲಿಸಲಿಲ್ಲ. ಒಂದು ಹಡಗು ಹನ್ನೆರಡಾಯಿತು. ಹನ್ನೆರಡು ಹಡಗಿಗೆ ನೌಕಾಪಡೆ ಬೇಕು, ನೌಕಾಪಡೆಗೆ ಸಾಮ್ರಾಜ್ಯ ಬೇಕು. ಹೀಗೆ ಹುಟ್ಟಿದ್ದು ಮರುದಂಡೆ ಎಂಬ ಸಾಮ್ರಾಜ್ಯ.

ಮರುದಂಡೆಯಲ್ಲಿ ಒಂಬತ್ತು ದ್ವೀಪಗಳು. ಒಂದೂ ನಿಂತಲ್ಲಿ ನಿಲ್ಲುವುದಿಲ್ಲ, ಋತುವಿಗೊಮ್ಮೆ ತೇಲಿಕೊಂಡು ಜಾಗ ಬದಲಿಸುತ್ತವೆ. ಹಾಗಾಗಿ ಅಲ್ಲಿ ಯಾರನ್ನೂ ಎಲ್ಲಿ ಹುಟ್ಟಿದೆ ಎಂದು ಕೇಳಿ ಪ್ರಯೋಜನವಿಲ್ಲ, ಯಾವ ಹಡಗಿನವನು ಎಂದು ಕೇಳಬೇಕು. ಹಡಗಿನ ದಾಖಲೆ ಪುಸ್ತಕದಲ್ಲಿ ಹೆಸರಿದ್ದರೆ ಪ್ರಜೆ, ಇಲ್ಲದಿದ್ದರೆ ಇಲ್ಲ. ನಕ್ಷೆ, ಕಾನೂನು, ಧ್ವಜ ಎಲ್ಲವನ್ನೂ ಆಂಟಿ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು. ದಾಖಲೆ ಪುಸ್ತಕ ಮಾತ್ರ ಶಾಯಿಯಲ್ಲಿ.

ಅವರ ಹಡಗುಗಳಲ್ಲಿ ಒಂದು ವಿಚಿತ್ರವಿತ್ತು. ನಲವತ್ತು ಜನರ ಹಡಗಾದರೆ ಒಳಗೆ ನಲವತ್ತೊಂದು ಹಾಸಿಗೆ, ನೂರು ಜನರದಾದರೆ ನೂರೊಂದು. ಲೆಕ್ಕ ತಪ್ಪಿದ್ದೀರಿ ಎಂದು ಮೊದಲ ವಾರ ನಾನು ಜಾಣತನ ತೋರಿಸಲು ಹೋದೆ. "ತಪ್ಪಿಲ್ಲ ಕಣೋ, ಪಟ್ಟೀಲಿ ಇಲ್ಲದವರಿಗೂ ಒಂದು ಇರ್ಬೇಕಲ್ಲ," ಎಂದರು.

ಭಾನುವಾರ ಆರ್ವೋದಲ್ಲಿ ಸಭೆ. ಅಲ್ಲಿನವರು ಮಧ್ಯಾಹ್ನಕ್ಕೆ ಆರ್ವೋ ಎನ್ನುತ್ತಾರೆ, ಆಂಟಿಯ ಬಾಯಲ್ಲಿ ಆ ಮಾತು ಮೈಸೂರಿನದೇ ಏನೋ ಎಂಬಂತೆ ಕೇಳುತ್ತಿತ್ತು. ಆಂಟಿ ಕ್ಯಾಪ್ಟನ್, ಕಲಬುರಗಿಯ ಹುಡುಗಿ ದಂಡನಾಯಕಿ, ನಾನು ಕಾನೂನು ಮಂತ್ರಿ. ಅವರ ಒಂದೇ ಒಂದು ಕಟ್ಟಳೆ ಏನೆಂದರೆ, ಕಾನೂನು ಬರೆದವನೇ ಮೊದಲು ಅದರ ಕೆಳಗೆ ನಿಲ್ಲಬೇಕು. ಹೊಸದಾಗಿ ಬಂದವರನ್ನು ಬಂದರಿನಲ್ಲಿ ಮೂರು ದಿನ ಕಾಯಿಸಬೇಕು ಎಂದು ಹುಡುಗಿ ಒಮ್ಮೆ ಬರೆದಳು. ಆಂಟಿ ಅವಳನ್ನು ಹಿತ್ತಲ ಬಾಗಿಲಲ್ಲಿ ಒಂದು ಗಂಟೆ ನಿಲ್ಲಿಸಿ, ಒಳಗೆ ನನಗೆ ಬಿಸಿ ಬೋಂಡ ಬಡಿಸಿದರು. ಹುಡುಗಿ ಮೂರು ದಿನವನ್ನು ಅರ್ಧ ದಿನಕ್ಕೆ ಇಳಿಸಿದಳು.

ಈಗ ನನ್ನ ಹೆದರಿಕೆಯ ವಿಷಯ. ನಾನು ಹುಟ್ಟು ಪುಕ್ಕಲ. ಬೆಂಟ್ಲಿಯ ವಿಶ್ವವಿದ್ಯಾಲಯದಲ್ಲಿ ಎರಡನೇ ಸೆಮಿಸ್ಟರಿನಲ್ಲಿ ಎರಡು ವಿಷಯಗಳಲ್ಲಿ ಫೇಲಾದೆ. ಬಂದು ಸಲಹೆಗಾರರನ್ನು ನೋಡು ಎಂದು ಇಮೇಲ್ ಬಂತು. ಓದಿದೆ, ಹೋಗಲಿಲ್ಲ. ಆಮೇಲೆ ಬಂದ ಇಮೇಲುಗಳನ್ನು ತೆರೆಯಲೇ ಇಲ್ಲ. ತೆರೆಯದಿದ್ದರೆ ಅದರೊಳಗಿರುವುದು ಇನ್ನೂ ಆಗಿಲ್ಲ ಎಂದು ನನ್ನ ಮೂರ್ಖ ತಲೆ ನಂಬಿತ್ತು. ಮುಂದಿನ ಸೆಮಿಸ್ಟರಿಗೆ ಹೆಸರು ನೋಂದಾಯಿಸುವ ದಿನವೂ ದಾಟಿತು. ಓದು ನಿಂತರೆ ವಿದ್ಯಾರ್ಥಿ ವೀಸಾ ನಿಲ್ಲುತ್ತದೆ, ವೀಸಾ ನಿಂತರೆ ವಾಪಸ್ ವಿಮಾನ. ಇಷ್ಟು ಗೊತ್ತಿದ್ದೂ ದಿನಾ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೊರಡುತ್ತಿದ್ದೆ. ಸಿಟಿಗೆ ಹೋಗುವ ಬಸ್ಸಿನಲ್ಲಿ ಕುಳಿತು ಹೋಗುತ್ತಿದ್ದೆ, ಅದೇ ಬಸ್ಸಿನಲ್ಲಿ ಬರುತ್ತಿದ್ದೆ. ಫೋನು ಗುಂಯ್ ಎಂದರೆ ಅದನ್ನು ಬ್ಯಾಗಿನ ತಳಕ್ಕೆ ತಳ್ಳುತ್ತಿದ್ದೆ. ಟಿಕೆಟ್ ನೋಡುವವನ ಸಮವಸ್ತ್ರ ಕಂಡರೂ ಅಂಗೈ ಬೆವರುತ್ತಿತ್ತು. ಬೀದಿಯಲ್ಲಿ ಬಿಳಿ ಕಾರು ನಿಧಾನ ಮಾಡಿದರೆ ನನ್ನನ್ನೇ ಹಿಡಿಯಲು ಬಂದಿದ್ದಾರೆ ಎನಿಸುತ್ತಿತ್ತು. ಅಮ್ಮ ಫೋನಿನಲ್ಲಿ ಓದು ಹೇಗಿದೆ ಎಂದರೆ ಚೆನ್ನಾಗಿದೆ ಎನ್ನುತ್ತಿದ್ದೆ. ಯಾರಿಗೂ ಹೇಳಲಿಲ್ಲ.

ಅಂಥ ದಿನಗಳಲ್ಲಿ ನಾನು ಮರುದಂಡೆಗೆ ಒಂದು ಕಾನೂನು ಬರೆದೆ. ನೋಂದಣಿಯ ದಿನ ತಪ್ಪಿಸಿಕೊಂಡು ಹಡಗಿನಲ್ಲಿ ಉಳಿದವರನ್ನು ಕಂಡಲ್ಲೇ ಇಳಿಸತಕ್ಕದ್ದು. ಯಾಕೆ ಬರೆದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕಳ್ಳನೇ ಎಲ್ಲರಿಗಿಂತ ಜೋರಾಗಿ ಕಳ್ಳ ಕಳ್ಳ ಎಂದು ಕೂಗುತ್ತಾನಲ್ಲ, ಬಹುಶಃ ಹಾಗೆ. ಅಂಥ ಕಾನೂನು ಬರೆದವನ ಮೇಲೆ ಯಾರಿಗೆ ಅನುಮಾನ ಬರುತ್ತದೆ ಎಂಬ ಲೆಕ್ಕಾಚಾರವೂ ಇದ್ದಿರಬೇಕು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ನೆನಪಾಗಲಿಲ್ಲ.

ಆಂಟಿ ಎರಡು ಸಲ ಓದಿದರು. ಸರಿ, ಬಂದು ನಿಲ್ಲು ಎಂದರು. ನಾನು ಮೇಜಿನ ಆಚೆ ನಿಂತೆ. ಅವರು ಕ್ಯಾಪ್ಟನ್ ದನಿಯಲ್ಲಿ, ನನ್ನ ಹೆಸರು ಪಟ್ಟಿಯಲ್ಲಿ ಇಲ್ಲವೆಂದೂ ನೋಂದಣಿಯ ದಿನ ಎಲ್ಲಿದ್ದೆನೆಂದೂ ಕೇಳಿದರು. ಓಲೆ ಬಂದಿತ್ತು, ಒಡೆದು ನೋಡಲಿಲ್ಲ ಎಂದೆ. ಆಟವಾದರೂ ಬೇರೆ ಸುಳ್ಳು ಹೊಳೆಯಲಿಲ್ಲ. ಯಾಕೆ ಎಂದರು. ಹೆದರಿಕೆ ಎಂದೆ. "ಓಲೆಗೇನ್ ಹೆದರಿಕಿ ಮಾರಾಯಾ, ಅದೇನ್ ಕಚ್ಚತದೇನು?" ಎಂದು ಹುಡುಗಿ ನಕ್ಕಳು.

"ಇಳಿಸಬೇಕು ಅಂತ ನೀನೇ ಬರೆದಿದ್ದೀಯ," ಆಂಟಿ ಹೇಳಿದರು. "ಕಂಡಲ್ಲೇ ಅಂದ್ರೆ, ಈಗ ನಡುಸಮುದ್ರದಲ್ಲಿದೀವಿ. ಇಲ್ಲೇ ಇಳೀತೀಯ?"

"ನೋಂದಣಿ ತಪ್ಪಿ ನಲವತ್ತು ದಿನ ಆಯ್ತು ಆಂಟಿ," ಎಂದೆ.

ಕ್ಯಾಪ್ಟನ್ ಎನ್ನಬೇಕಿತ್ತು, ಆಂಟಿ ಎಂದುಬಿಟ್ಟಿದ್ದೆ. ಹುಡುಗಿಯ ನಗು ನಿಂತಿತು. ಆಂಟಿ ಪೆನ್ಸಿಲ್ ಕೆಳಗಿಟ್ಟರು. ಸಭೆಯ ಮಧ್ಯೆ ಅವರು ಪೆನ್ಸಿಲ್ ಕೆಳಗಿಟ್ಟಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಫೋನು ತೆಗೆದುಕೊಂಡು ಬಾ ಎಂದರು. ತಾವು ಮುಟ್ಟಲಿಲ್ಲ, ನನ್ನಿಂದಲೇ ಒಂದೊಂದಾಗಿ ತೆರೆಸಿ ಜೋರಾಗಿ ಓದಿಸಿದರು. ಹನ್ನೊಂದು ಇಮೇಲುಗಳಿದ್ದವು. ಕೊನೆಯದರಲ್ಲಿ, ನನ್ನ ಹೆಸರು ತೆಗೆಯಲು ತೀರ್ಮಾನಿಸಲಾಗಿದೆ, ಮಂಗಳವಾರದೊಳಗೆ ಉತ್ತರ ಬಾರದಿದ್ದರೆ ವೀಸಾ ಇಲಾಖೆಗೆ ತಿಳಿಸಲಾಗುವುದು ಎಂದಿತ್ತು. ಓದಿ ಮುಗಿಸುವಷ್ಟರಲ್ಲಿ ನಾನು ಚಿಕ್ಕ ಮಗುವಿನಂತೆ ಅಳುತ್ತಿದ್ದೆ. ನಾಚಿಕೆಯೂ ಆಗಲಿಲ್ಲ.

"ಇವತ್ತು ಭಾನುವಾರ," ಎಂದರು ಆಂಟಿ. "ಇನ್ನೂ ಎರಡು ದಿನ ಇದೆ. ಹಡಗು ಇನ್ನೂ ಸಮುದ್ರದಲ್ಲೇ ಇದೆ. ನಡುಸಮುದ್ರದಲ್ಲಿ ಯಾರನ್ನೂ ಇಳಿಸೋ ಹಾಗಿಲ್ಲ ಕಣೋ. ಎದ್ದು ಮುಖ ತೊಳ್ಕೊ."

ಸೋಮವಾರ ಬೆಳಿಗ್ಗೆ ಆಂಟಿ ಒಳ್ಳೆಯ ಸೀರೆಯುಟ್ಟು, ಮೇಲೆ ಕೋಟು ಹಾಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದರು. ವಿದ್ಯಾರ್ಥಿಗಳ ಕಚೇರಿಯಲ್ಲಿ ಟೋಕನ್ ಪಡೆದು ಕುಳಿತೆವು. ನನ್ನ ಸರದಿ ಬಂದಾಗ ಕೌಂಟರಿನವಳು ಆಂಟಿಯತ್ತ ತಿರುಗಿ, ಇವರು ಯಾರು, ಗುರುತಿನ ಚೀಟಿ ಇದೆಯೇ ಎಂದು ಸಹಜವಾಗಿ ಕೇಳಿದಳು. ಆಂಟಿ ಬ್ಯಾಗಿನ ಜಿಪ್ಪಿಗೆ ಕೈ ಹಾಕಿದರು. ಬೂದುಬಣ್ಣದ ಆ ಕೈ ಅದೆಷ್ಟು ನಡುಗಿತೆಂದರೆ ಜಿಪ್ಪು ಎಳೆಯಲಾಗದೆ ನಾನೇ ತೆಗೆದುಕೊಡಬೇಕಾಯಿತು. ನನಗಾಗಿ ಇಷ್ಟು ಹೆದರಿದ್ದಾರಲ್ಲ ಎಂದು ಕಣ್ಣು ತುಂಬಿತು. ಅದು ನನ್ನ ತಪ್ಪು ತಿಳಿವಳಿಕೆ. ಅರ್ಥವಾಗಲು ಏಳು ವರ್ಷ ಬೇಕಾಯಿತು.

ನನ್ನ ವಿವರಣೆಯನ್ನು ಬರೆದು ಕೊಟ್ಟೆವು. ಆರು ವಾರ ಕಾದೆ. ಆ ಆರು ವಾರವೂ ಹೆದರಿಕೆ ಕಡಿಮೆಯೇನೂ ಆಗಲಿಲ್ಲ. ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಹೆದರಿಕೆಯದು. ದಿನಾ ಸಂಜೆ ಹುಡುಗಿ ಬಾಗಿಲಿಂದಲೇ ಓಲೆ ಬಂತೇನು ಎಂದು ಕೇಳುತ್ತಿದ್ದಳು. ಕೊನೆಗೆ ಬಂತು. ಒಂದು ಸೆಮಿಸ್ಟರ್ ನಿಗಾದಲ್ಲಿಟ್ಟು ಮುಂದುವರಿಸುತ್ತೇವೆ ಎಂದಿತ್ತು. ಆ ಭಾನುವಾರ ನನ್ನ ಕಾನೂನನ್ನು ರಬ್ಬರಿನಿಂದ ಅಳಿಸಿ ಬೇರೆಯದನ್ನು ಬರೆದೆವು. ಪ್ರಜೆಯಾಗಬೇಕೆನ್ನುವವರು ತಮಗೆ ಏನು ಹೆದರಿಕೆ ಎಂದು ಹಡಗಿನವರ ಮುಂದೆ ಬಾಯಿಬಿಟ್ಟು ಹೇಳಬೇಕು. ಕೇಳಿಸಿಕೊಂಡವರು ಅವರನ್ನು ಇಳಿಸುವಂತಿಲ್ಲ. ನಾನು ಮೊದಲು ನಿಂತೆ. ಆಮೇಲೆ ನಿಂತ ಹುಡುಗಿ, ನನಗ ರಕ್ತ ಕಂಡ್ರ ಹೆದರಿಕಿ ಎಂದಳು. ನರ್ಸಿಂಗ್ ಓದುವವಳು! ಆಂಟಿ ನಗದೆ ಇಬ್ಬರ ಹೆಸರನ್ನೂ ಶಾಯಿಯಲ್ಲಿ ಬರೆದುಕೊಂಡರು. ನೀವು ನಿಲ್ಲುವುದಿಲ್ಲವೇ ಎಂದು ನಾನು ಕೇಳಿದೆ. ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದರು.

ಓದು ಮುಗಿಸಿ ನಾನು ಬ್ರಿಸ್ಬೇನ್‌ಗೆ ಕೆಲಸಕ್ಕೆ ಹೋದೆ. ಮಂಡಿ ನೋವು ಹೆಚ್ಚಾಗಿ ಆಂಟಿ ಮನೆ ಮಾರಿ, ಅಡಿಲೇಡ್‌ನ ಬ್ಲೇರ್ ಅಥಾಲ್‌ನಲ್ಲಿದ್ದ ತಂಗಿಯ ಮನೆಗೆ ಹೋದರು. ಹಬ್ಬಕ್ಕೆ ಫೋನು ಮಾಡಿದಾಗಲೆಲ್ಲ ಹೊಸ ಹಡಗಿನ ಸುದ್ದಿ ಹೇಳುತ್ತಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ ಅಡಿಲೇಡಿನ ಅಪರಿಚಿತ ನಂಬರಿನಿಂದ ಕರೆ ಬಂತು. ಎತ್ತಲು ಹೆದರಿದೆ, ಆದರೂ ಎತ್ತಿದೆ. ಅಕ್ಕನಿಗೆ ಹುಷಾರಿಲ್ಲ, ಡಾಕ್ಟರು ಮನೆಗೆ ಕಳಿಸಿಬಿಟ್ಟಿದ್ದಾರೆ, ನಿನ್ನನ್ನು ಕೇಳುತ್ತಿದ್ದಾಳೆ ಎಂದರು ತಂಗಿ.

ಹೋಗಿ ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ಕೈ. ಅಂಚು ಬೆಳ್ಳಗಾಗಿತ್ತು, ಬಣ್ಣವೇ ಇರಲಿಲ್ಲ. ಆಸ್ಪತ್ರೆಯವರು ಒರೆಸಿ ಒರೆಸಿ ತೆಗೆದಿದ್ದರಂತೆ. ಅವರ ಕಾಯಿಲೆಗಿಂತ ಆ ಬಿಳಿ ಕೈಗೇ ನಾನು ಹೆಚ್ಚು ಹೆದರಿದೆ.

ನಕ್ಷೆಗಳ ಸುರುಳಿಯ ಕೆಳಗೊಂದು ಕವರಿದೆ, ತೆಗೆ ಎಂದರು. ಒಳಗೆ ಈ ದೇಶದ ಪೌರತ್ವದ ಹಳೆಯ ಅರ್ಜಿ. ಪೂರ್ತಿ ತುಂಬಿತ್ತು, ಆದರೆ ಪೆನ್ಸಿಲ್ಲಿನಲ್ಲಿ. ಗಂಡ ಹೆಂಡತಿ ಜೊತೆಯಲ್ಲಿ ಹಾಕಬೇಕೆಂದಿದ್ದದ್ದಂತೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಹೋಗಿ ಕೊಡಲು ಧೈರ್ಯ ಬರಲಿಲ್ಲ. ಏನೋ ತಪ್ಪು ಹುಡುಕಿ, ಇಲ್ಲಿರಲು ಕೊಟ್ಟಿದ್ದ ಅನುಮತಿಯನ್ನೂ ಕಿತ್ತುಕೊಂಡರೆ ಎಂಬ ಭಯ. ಮೂವತ್ತು ವರ್ಷ ಇಲ್ಲೇ ದುಡಿದು, ತೆರಿಗೆ ಕಟ್ಟಿ, ಮೈಸೂರಿಗೆ ಹೋಗಿ ಬರುವಾಗಲೆಲ್ಲ ವಿಮಾನ ನಿಲ್ದಾಣದ ಸಾಲಿನಲ್ಲಿ ನಡುಗಿಕೊಂಡು ನಿಂತಿದ್ದರು. ಅಂದು ಕೌಂಟರಿನ ಮುಂದೆ ಜಿಪ್ಪು ಎಳೆಯಲಾಗದ ಕೈ ನನಗೆ ಆಗ ಅರ್ಥವಾಯಿತು. ಹೆದರಿದವನ ಮೇಲೆ ಹಾವೆಸೆದಂತೆ ಗುರುತಿನ ಚೀಟಿ ಕೇಳುವ ಜಾಗಕ್ಕೆ, ಅವರು ನನಗಾಗಿ ತಾವಾಗಿ ನಡೆದು ಬಂದಿದ್ದರು.

"ಇದನ್ನ ಇನ್ನು ಯಾರಿಗೂ ಕೊಡೋದು ಬೇಡ," ಎಂದರು. "ನಮ್ಮದು ತಗೊಂಡ್ಬಾ. ನೀನೇ ಕೇಳು."

ನಮ್ಮದು ಎಂದರೆ ಮರುದಂಡೆಯ ದಾಖಲೆ ಪುಸ್ತಕ. ಅವರ ಮನೆಯಲ್ಲಿ ಬಾಡಿಗೆಗಿದ್ದವರೆಲ್ಲರ ಹೆಸರೂ ಇತ್ತು, ಕಟ್ಟಿದವರ ಹೆಸರಿರಲಿಲ್ಲ. ಬಾಳಿಡೀ ಕೌಂಟರಿನ ಈಚೆ ನಿಂತು ನಡುಗಿದ ನಾನು ಆಚೆ ಕೂರಬೇಕಾಯಿತು. ಕುರ್ಚಿ ಎಳೆದುಕೊಂಡೆ. ನಿಮಗೇನು ಹೆದರಿಕೆ, ಹೇಳಿ ಎಂದೆ. ಅವರ ತಂಗಿ ಬಾಗಿಲಲ್ಲಿ ನಿಂತಿದ್ದರು.

ಆಂಟಿ ಆ ಬಿಳಿ ಕೈಯನ್ನು ಪುಸ್ತಕದ ಅಂಚಿನ ಮೇಲಿಟ್ಟರು.

"ಇಳಿಸಿಬಿಡ್ತಾರೇನೋ ಅಂತ ಕಣೋ," ಎಂದರು.

"ನಡುಸಮುದ್ರದಲ್ಲಿ ಯಾರನ್ನೂ ಇಳಿಸೋ ಹಾಗಿಲ್ಲ ಆಂಟಿ," ಎಂದೆ. ಪೆನ್ನು ತೆಗೆದು, ಅವರಿಗೆ ಕಾಣುವಂತೆ ಪುಸ್ತಕವನ್ನು ಎತ್ತಿ ಹಿಡಿದು, ಅವರ ಹೆಸರನ್ನು ಶಾಯಿಯಲ್ಲಿ ಬರೆದೆ. ಅಕ್ಷರ ಸೊಟ್ಟಗಿದೆ ಎಂದರು. ಮೂರನೆಯ ದಿನ ಹೋದರು.

ಆ ಪುಸ್ತಕ ಈಗ ಬ್ರಿಸ್ಬೇನಿನಲ್ಲಿ ನನ್ನ ಬಳಿ ಇದೆ. ಗಂಡ ಹೆಂಡತಿ ಇಬ್ಬರೇ ಇರುವ ನಮ್ಮ ಮನೆಯಲ್ಲಿ ಮೂರು ಹಾಸಿಗೆಗಳಿವೆ. ಮೂರನೆಯದು ಯಾರಿಗೆ ಎಂದು ಬಂದವರು ಕೇಳುತ್ತಾರೆ, ಇನ್ನೂ ಗೊತ್ತಿಲ್ಲ ಎನ್ನುತ್ತೇನೆ. ನನ್ನ ಪುಕ್ಕಲುತನ ಹಾಗೇ ಇದೆ. ಹೋದ ವಾರ ನನ್ನ ಪೌರತ್ವದ ಅರ್ಜಿಯ ಬಗ್ಗೆ ಇಲಾಖೆಯಿಂದ ಇಮೇಲ್ ಬಂತು. ಅಂಗೈ ಬೆವರಿತು. ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ಕೂರಿಸಿಕೊಂಡು, ತೆರೆದು, ಜೋರಾಗಿ ಓದಿದೆ.