ಬ್ಲೇಡಿನಲ್ಲಿ ಕೆರೆದ ಫ್ರೆಂಚ್ ಗೆರೆಗಳು

ಪೀಣ್ಯದ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿ ಸೇರಿ ಆರು ತಿಂಗಳಾಗುತ್ತಾ ಬಂದಿತ್ತು. ಆ ವಾರ ಕೆಲಸ ಖಾಯಂ ಆಗಬೇಕು, ಇಲ್ಲವೇ ಮನೆ ದಾರಿ. ನನ್ನನ್ನು ತೆಗೆದುಕೊಂಡಿದ್ದೇ ಫ್ರೆಂಚ್ ಬರುತ್ತೆ ಅಂತ. ಬರುತ್ತೆ ಅಂದರೆ, ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿದ್ದೆ. ಮೇಡಂ ಮೂಗಿನಲ್ಲಿ ಮಾತಾಡುವುದನ್ನು ಅವರಿಗಿಂತ ಚೆನ್ನಾಗಿ ಮಾಡಿ ತೋರಿಸುತ್ತಿದ್ದೆ; ಪರೀಕ್ಷೆ ಮಾತ್ರ ಹೇಗೋ ಪಾಸು. ಆದರೆ ಗೆರೆಗಳ ವಿಷಯ ಗಟ್ಟಿ ಮಾಡಿಕೊಂಡಿದ್ದೆ. ಪ್ರಶ್ನೆ ಕೇಳುವಾಗ ಕ್ರಿಯಾಪದಕ್ಕೂ ‘ನೀವು’ ಎಂಬುದಕ್ಕೂ ನಡುವೆ ಜಾಗ ಬಿಡದೆ ಪುಟ್ಟ ಗೆರೆ. ವಾಕ್ಯದ ಮಧ್ಯೆ ಇನ್ನೊಂದು ಮಾತು ತೂರಿಸಿದರೆ ಆಚೀಚೆ ಜಾಗ ಬಿಟ್ಟು ಉದ್ದ ಗೆರೆ. ನಮ್ಮ ಟೈಪ್‌ರೈಟರಿನಲ್ಲಿ ಉದ್ದದ್ದು ಇರಲಿಲ್ಲ. ಪುಟ್ಟದ್ದನ್ನೇ ಎರಡು ಸಲ ಕುಟ್ಟಬೇಕು.

ಬಿಡಿಭಾಗ ಕಳಿಸುವ ಫ್ರಾನ್ಸಿನ ಕಂಪನಿಗೊಂದು ಪತ್ರ ಟೈಪ್ ಮಾಡಿ ಸೂಪರಿಂಟೆಂಡೆಂಟರ ಮುಂದಿಟ್ಟೆ. ಕೆಂಪು ಗುರುತು ಹಾಕದೆ ಅವರು ಯಾವ ಹಾಳೆಗೂ ಸಹಿ ಮಾಡಿದವರಲ್ಲ. ಫ್ರೆಂಚಿನ ಒಂದಕ್ಷರ ಬಾರದಿದ್ದರೂ ಗೆರೆಗಳು ಕಂಡವಲ್ಲ, ಹದಿನೇಳಕ್ಕೂ ಸುತ್ತು ಹಾಕಿದರು.

“ಏನಯ್ಯಾ ಇದು, ಕಾಗದದ ತುಂಬಾ ಇರುವೆ ಸಾಲು?”

“ಸಾರ್, ಅವರ ಭಾಷೇಲಿ ಅದು ಇರಲೇಬೇಕು.”

“ಟೈಪ್ ಮಾಡೋಕೆ ಬಂದಿದ್ದೀಯೋ, ನನಗೆ ಪಾಠ ಹೇಳೋಕೋ? ಕೆರೆದು ತಾ.”

ಮೂಲಪ್ರತಿ ಒಂದು, ಕಾರ್ಬನ್ ಪ್ರತಿ ಮೂರು. ಅರ್ಧ ಬ್ಲೇಡು ಹಿಡಿದು, ಸರಿಯಾಗಿದ್ದುದನ್ನೆಲ್ಲ ನನ್ನ ಕೈಯಾರೆ ತಪ್ಪು ಮಾಡುತ್ತಾ ಕೂತೆ. ಗೊತ್ತಿಲ್ಲದವನು ಗೊತ್ತಿರುವವನ ಕೈಯಲ್ಲೇ ಅಳಿಸುವುದಿದೆಯಲ್ಲ, ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಮೇಲಾಗಿತ್ತು.

ಲಗ್ಗೆರೆಯ ಹೊಲಮನೆಯಿಂದ ಬರುತ್ತಿದ್ದ ಡಿಸ್ಪ್ಯಾಚ್ ಕ್ಲರ್ಕ್ ಬಗ್ಗಿ ನೋಡಿದ.

“ಏನ್ ಮಗಾ, ನಿಂಗೇ ಗಡ್ಡ ಬಂದಿಲ್ಲ, ಕಾಗದಕ್ಕೆ ಶೇವಿಂಗ್ ಮಾಡ್ತಾ ಇದ್ದೀಯ?”

ಕನ್ನಡಕ ಮೂಗಿನ ತುದಿಗೆ ಜಾರಿಸಿದಂತೆ ಮಾಡಿ, ಸೂಪರಿಂಟೆಂಡೆಂಟರ ಗೊಗ್ಗರು ದನಿಯಲ್ಲೇ ಅವನಿಗೆ ಅಷ್ಟನ್ನೂ ಒಪ್ಪಿಸಿದೆ. ಅವನು ಬಿದ್ದು ಬಿದ್ದು ನಕ್ಕ.

“ಅಂಗೇ ಓಗಿ ಅವರ ಮುಂದೂ ಏಳು, ನೋಡಾಣ.”

“ಹೇಳೇ ಹೇಳ್ತೀನಿ ಕಣೋ, ಭಯಾನಾ ನಂಗೆ?”

ಹೋದೆ. ಸೂಪರಿಂಟೆಂಡೆಂಟರು ತಪ್ಪುಗಳ ರಿಜಿಸ್ಟರು ತೆರೆದಿಟ್ಟಿದ್ದರು. ನನ್ನ ಹೆಸರಿನ ಮುಂದೆ ಬರೆದೂ ಆಗಿತ್ತು: ಹದಿನೇಳು ಟೈಪಿಂಗ್ ತಪ್ಪು.

“ಒಪ್ಪಿಕೊಂಡು ಸಹಿ ಹಾಕು. ನಿನ್ನ ಖಾಯಂ ಆರ್ಡರು ಈ ಡ್ರಾಯರ್‌ನಲ್ಲೇ ಇದೆ.”

ಅಷ್ಟು ಹೊತ್ತು ಹಾರಾಡಿದ ಶೂರ “ಸಾರಿ ಸಾರ್” ಅಂದು ಸಹಿ ಹಾಕಿದ. ಖಾಯಮ್ಮೂ ಆದ. ಅಲ್ಲಲ್ಲಿ ತೂತು ಬಿದ್ದ ಆ ಪತ್ರ ಹಾಗೇ ಫ್ರಾನ್ಸಿಗೆ ಹೋಯಿತು. ಮೇಲೆ ಸೂಪರಿಂಟೆಂಡೆಂಟರ ಸಹಿ. ಕೆಳಗೆ ಮೂಲೆಯಲ್ಲಿ, ಟೈಪ್ ಮಾಡಿದವನು ಯಾರೆಂದು ತಿಳಿಯಲಿ ಅಂತ, ನನ್ನ ಹೆಸರಿನ ಮೊದಲಕ್ಷರ.